ಮಿಸೌರಿಯ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳು ಬರುವ ದಾರಿ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಅದರ ಅರ್ಥವನ್ನು ಕೊನೆಯದಾಗಿ ನಿರ್ಣಯಿಸುವ ತನ್ನದೇ ಉನ್ನತ ನ್ಯಾಯಾಲಯವೂ ಇದೆ. ನ್ಯಾಯಮೂರ್ತಿಗಳನ್ನು ಆರಿಸುವ ಬಗೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅನೇಕ ರಾಜ್ಯಗಳು ಮಾದರಿಯಾಗಿ ಸ್ವೀಕರಿಸಿದ ಮಿಸೌರಿಯ ಪದ್ಧತಿಯನ್ನು ಇಂದು ಪರಿಶೀಲಿಸೋಣ.

ಜೆಫರ್ಸನ್ ಸಿಟಿಯಲ್ಲಿರುವ ಈ ನ್ಯಾಯಾಲಯದಲ್ಲಿ ಏಳು ಮಂದಿ ನ್ಯಾಯಮೂರ್ತಿಗಳಿದ್ದಾರೆ. ಮುಖ್ಯ ನ್ಯಾಯಮೂರ್ತಿಯನ್ನು ಅವರೇ ತಮ್ಮೊಳಗಿನಿಂದ ಆರಿಸಿಕೊಳ್ಳುತ್ತಾರೆ. ರೂಢಿಯಂತೆ ಆ ಸ್ಥಾನ ಎರಡೆರಡು ವರ್ಷಗಳ ಸರದಿಯಲ್ಲಿ ಸಾಗುತ್ತದೆ. ಮರಣದಂಡನೆ ವಿಧಿಸಲಾದ ಪ್ರಕರಣಗಳು ಮತ್ತು ರಾಜ್ಯದ ಕಾನೂನೊಂದರ ಸಿಂಧುತ್ವವನ್ನೇ ಪ್ರಶ್ನಿಸುವ ಮೇಲ್ಮನವಿಗಳು ನೇರವಾಗಿ ಇಲ್ಲಿಗೆ ಬರುತ್ತವೆ.

ಮೊದಲು ಇಲ್ಲಿನ ನ್ಯಾಯಮೂರ್ತಿಗಳು ಪಕ್ಷದ ಹುರಿಯಾಳುಗಳಾಗಿ ಚುನಾವಣೆಯಲ್ಲಿ ಗೆದ್ದು ಬರುತ್ತಿದ್ದರು. ಕಾನ್ಸಾಸ್ ಸಿಟಿಯಲ್ಲಿ ಟಾಮ್ ಪೆಂಡರ್‌ಗಾಸ್ಟ್‌ನಂತಹ ಪಕ್ಷದ ಧಣಿ ಯಾರು ಅಧಿಕಾರಕ್ಕೆ ಬರಬೇಕೆಂಬುದನ್ನು ತೀರ್ಮಾನಿಸುತ್ತಿದ್ದ ಕಾಲವದು. ನ್ಯಾಯಪೀಠವೂ ಆ ಹಿಡಿತದಿಂದ ದೂರ ಉಳಿದಿರಲಿಲ್ಲ. ಇದರಿಂದ ಬೇಸತ್ತ ಮತದಾರರು 1940ರಲ್ಲಿ ಸಂವಿಧಾನವನ್ನೇ ತಿದ್ದಿದರು. ಎರಡೇ ವರ್ಷಗಳಲ್ಲಿ ಆ ತಿದ್ದುಪಡಿಯನ್ನು ರದ್ದುಗೊಳಿಸಲು ಶಾಸಕಾಂಗ ಮುಂದಾದಾಗ, ಅದನ್ನೂ ಅವರೇ ತಿರಸ್ಕರಿಸಿದರು.

ಈಗ ಸ್ಥಾನವೊಂದು ತೆರವಾದರೆ, ವಕೀಲರು ಚುನಾಯಿಸಿದ ಮೂವರು ವಕೀಲರು, ರಾಜ್ಯಪಾಲರು ನೇಮಿಸಿದ ಮೂವರು ವಕೀಲರಲ್ಲದ ನಾಗರಿಕರು ಹಾಗೂ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿ ಸೇರಿದ ಆಯೋಗವು ಅರ್ಜಿದಾರರನ್ನು ಸಂದರ್ಶಿಸಿ, ಮೂರು ಹೆಸರುಗಳನ್ನು ರಾಜ್ಯಪಾಲರಿಗೆ ಕಳುಹಿಸುತ್ತದೆ. ಜನರಿಂದಲೇ ಚುನಾಯಿತರಾಗುವ ಅಲ್ಲಿನ ರಾಜ್ಯಪಾಲರು ಆ ಮೂವರಲ್ಲಿಯೇ ಒಬ್ಬರನ್ನು 60 ದಿನಗಳೊಳಗೆ ನೇಮಿಸಬೇಕು. ತಪ್ಪಿದರೆ ಆಯೋಗವೇ ನೇಮಿಸುತ್ತದೆ.

ಹೊಸ ನ್ಯಾಯಮೂರ್ತಿ ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಬಳಿಕ ನಡೆಯುವ ಸಾರ್ವತ್ರಿಕ ಚುನಾವಣೆಯಲ್ಲಿ, ಎದುರಾಳಿಯಿಲ್ಲದೆ, ಪಕ್ಷದ ಹೆಸರಿಲ್ಲದೆ, ಇವರು ಮುಂದುವರಿಯಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯನ್ನು ಜನರ ಮುಂದಿಡಲಾಗುತ್ತದೆ. ಜನ ಒಪ್ಪಿದರೆ 12 ವರ್ಷಗಳ ಅವಧಿ ದೊರೆಯುತ್ತದೆ. ಆದರೆ 70ನೇ ವಯಸ್ಸಿಗೆ ನಿವೃತ್ತಿ ಕಡ್ಡಾಯ.

ಈ ಏರ್ಪಾಡು ರಾಜಕೀಯವನ್ನು ಹೊರಗಿಟ್ಟಿತೆನ್ನುವುದು ಅತಿಶಯೋಕ್ತಿ. ಚುನಾವಣಾ ಕಣದಲ್ಲಿದ್ದ ಪೈಪೋಟಿಯ ಒಂದಷ್ಟು ಭಾಗ ಆಯೋಗದ ಕೋಣೆಗೆ ಸ್ಥಳಾಂತರಗೊಂಡಿದೆ. ವಕೀಲರಿಗೆ ಅಲ್ಲಿ ಇಷ್ಟು ಪ್ರಭಾವ ಏಕೆಂಬ ಆಕ್ಷೇಪವೂ ನ್ಯಾಯವಾದುದೇ. ಆದರೂ ನ್ಯಾಯಮೂರ್ತಿಯಾಗಬಯಸುವವರು ಪ್ರಚಾರಕ್ಕೆ ದೇಣಿಗೆ ಎತ್ತಬೇಕಾದ ಸಂದರ್ಭ ಇದರಿಂದ ಬಹುಮಟ್ಟಿಗೆ ತಪ್ಪಿದೆ, ಅದು ಸಣ್ಣ ಲಾಭವಲ್ಲ. ಎದುರಾಳಿಯಿಲ್ಲದ ಮತದಾನವನ್ನು ಕೇವಲ ಶಾಸ್ತ್ರವೆಂದು ತಳ್ಳಿಹಾಕುವಂತೆಯೂ ಇಲ್ಲ: ಇದೇ ಬಗೆಯ ಪದ್ಧತಿಯಿರುವ ನೆರೆಯ ಅಯೋವಾದಲ್ಲಿ, ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿದ 2009ರ ಸರ್ವಾನುಮತದ ತೀರ್ಪಿನ ಮರುವರ್ಷ, ಮತಕ್ಕೆ ನಿಂತ ಮೂವರು ನ್ಯಾಯಮೂರ್ತಿಗಳನ್ನೂ ಜನ ಮನೆಗೆ ಕಳುಹಿಸಿದರು.