ರಬ್ಬರಿನ ಮೇಲಿನ ಹೆಸರು

ಕೇಳುಗರಿಗೆ ನಮಸ್ಕಾರ.

ಜಪಾನಿನ ಶಾಲಾ ಮಕ್ಕಳಲ್ಲಿ ಒಂದು ನಂಬಿಕೆಯುಂಟು. ರಬ್ಬರಿನ ಮೇಲೆ ಮನಸ್ಸಿಗೆ ಹಿಡಿದವರ ಹೆಸರು ಬರೆದು, ಯಾರ ಕಣ್ಣಿಗೂ ಬೀಳದಂತೆ ಅದನ್ನು ಸವೆಸಿ ಮುಗಿಸಿದರೆ ಪ್ರೀತಿ ಕೈಗೂಡುತ್ತದಂತೆ. ನಮ್ಮ ಮಕ್ಕಳು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಆಡುವ ‘ಫ್ಲೇಮ್ಸ್’ ಆಟದ ಜಾತಿಯದೇ ಇದು. ಈ ರಬ್ಬರಿನಿಂದಲೇ ಹುಟ್ಟಿದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ‘ಕಿಯೇತ ಹತ್ಸುಕೋಯಿ’: ಅಳಿಸಿಹೋದ ಮೊದಲ ಪ್ರೀತಿ. ಇಂಗ್ಲಿಷಿನಲ್ಲಿ ಅದರ ಹೆಸರು ‘ಮೈ ಲವ್ ಮಿಕ್ಸ್-ಅಪ್’. ಕಥೆ ವಾತರು ಹಿನೆಕುರೆ ಅವರದು, ಚಿತ್ರ ಅರುಕೋ ಅವರದು. 2019ರಿಂದ 2022ರವರೆಗೆ ‘ಬೆಸ್ಸತ್ಸು ಮಾರ್ಗರೆಟ್’ ಮಾಸಪತ್ರಿಕೆಯಲ್ಲಿ ಬಂದು 9 ಸಂಪುಟಗಳಲ್ಲಿ ಮುಗಿಯಿತು.

ಕಥಾನಾಯಕ ಆವೋಕಿಗೆ ಪಕ್ಕದ ಸೀಟಿನ ಹಾಶಿಮೊತೊ ಮೇಲೆ ಮನಸ್ಸು. ಅವಳಿಂದ ರಬ್ಬರ್ ಎರವಲು ತೆಗೆದುಕೊಂಡರೆ ಅದರ ಮೇಲೆ ಮುಂದಿನ ಸೀಟಿನ ಇದಾನ ಹೆಸರು, ಪಕ್ಕದಲ್ಲೊಂದು ಹೃದಯದ ಗುರುತು. ಅಷ್ಟರಲ್ಲಿ ಇದಾ ಅದನ್ನು ನೋಡಿಬಿಡುತ್ತಾನೆ. ಹುಡುಗಿಯ ಗುಟ್ಟು ಉಳಿಸಲು ಆವೋಕಿ ರಬ್ಬರ್ ತನ್ನದೆಂದು ಒಪ್ಪಿಕೊಳ್ಳುತ್ತಾನೆ. ಇದಾ ನಗುವುದಿಲ್ಲ, ಬೈಯುವುದೂ ಇಲ್ಲ. ವಿಷಯವನ್ನು ಗಂಭೀರವಾಗಿ ತೆಗೆದುಕೊಂಡು ಯೋಚಿಸತೊಡಗುತ್ತಾನೆ. ಹಾಸ್ಯವೆಲ್ಲ ಹುಟ್ಟುವುದು ಈ ಗಾಂಭೀರ್ಯದಿಂದ.

ಓದುಗರ ಮೊದಲ ತಕರಾರು, ಕಥೆ ಆಮೆಯಂತೆ ನಡೆಯುತ್ತದೆ ಎಂಬುದು. ಬಿಸಿಬಿಸಿ ಪ್ರಣಯ ಹುಡುಕಿ ಬಂದವರಿಗೆ ನಿರಾಶೆ ಖಂಡಿತ. ಇದು ಹುಡುಗಿಯರ ಪತ್ರಿಕೆಯ ಶೋಜೋ ಮಾಂಗಾ. ಅಲ್ಲಿ ಒಂದು ಫೋನ್ ಕರೆಗೆ ಪುಟಗಟ್ಟಲೆ ಹಿಂದೆಮುಂದೆ ನೋಡುವುದೇ ಕಥೆಯ ಮೈಕಟ್ಟು. ಇದು ನಿಜವಾದ ಬಿಎಲ್, ಅಂದರೆ ಹುಡುಗರಿಬ್ಬರ ಪ್ರೀತಿಯ ‘ಬಾಯ್ಸ್ ಲವ್’ ಪ್ರಕಾರ, ಅಲ್ಲ ಎನ್ನುವವರೂ ಈ ಪತ್ರಿಕೆಯ ಕಾರಣವನ್ನೇ ಮುಂದಿಡುತ್ತಾರೆ. ಅಂಗಡಿಯ ಕಪಾಟಿಗೆ ಆ ವಿಂಗಡಣೆ ಬೇಕಾದೀತು, ಓದುವವರಿಗೆ ಬೇಕಿಲ್ಲ. ಇಬ್ಬರು ಹುಡುಗರ ಪ್ರೀತಿಯೇ ಇಲ್ಲಿ ಕಥೆ.

ಇದಾ ಸಪ್ಪೆ, ಮುಖದಲ್ಲಿ ಏನೂ ಕಾಣುವುದಿಲ್ಲ ಎಂಬುದು ಇನ್ನೊಂದು ದೂರು. ಆವೋಕಿಯ ಮುಖ ಚೌಕದಿಂದ ಚೌಕಕ್ಕೆ ಬದಲಾಗುತ್ತದೆ: ಬಾಯಿ ಇಡೀ ಮುಖವನ್ನು ನುಂಗುತ್ತದೆ, ಕಣ್ಣು ಚುಕ್ಕೆಯಾಗುತ್ತದೆ, ಮೈ ಗೊಂಬೆಯಷ್ಟಕ್ಕೆ ಕುಗ್ಗುತ್ತದೆ. ಪಕ್ಕದಲ್ಲಿ ಇದಾ ಕಲ್ಲುಕಂಬ. ಇಬ್ಬರೂ ಕುಣಿದರೆ ನಗು ಬರುವುದು ಹೇಗೆ? ಅರುಕೋ ಇದಕ್ಕೂ ಮುಂಚೆ ‘ಓರೆ ಮೊನೊಗತಾರಿ’ ಎಂಬ ಮಾಂಗಾಕ್ಕೆ ಚಿತ್ರ ಬರೆದವರು; ಇಂಥ ಮುಖಭಾವಗಳಲ್ಲಿ ಅವರ ಕೈ ಪಳಗಿದೆ.

ಎಲ್ಲರೂ ಒಳ್ಳೆಯವರೇ, ಲೋಕ ಇಷ್ಟು ಮೃದುವಾಗಿರುತ್ತದೆಯೇ ಎಂಬ ದೂರು ಮಾತ್ರ ತೂಕದ್ದು. ಹೊರಗಿನ ಲೋಕ ಅಷ್ಟು ಮೃದುವಲ್ಲ. ಟೋಕಿಯೊದ ಶಿಬುಯಾ ವಾರ್ಡಿನಲ್ಲಿ 2015ರಲ್ಲಿ ಸಲಿಂಗ ಜೋಡಿಗಳಿಗೆ ಸಂಗಾತಿ ಪ್ರಮಾಣಪತ್ರ ಕೊಡಲು ಶುರುಮಾಡಿದರು. ಅದು ಮದುವೆಗೆ ಸಮವಲ್ಲ. ಆ ಭಾರವೆಲ್ಲ ಕಥೆಯ ಅಂಚಿನಲ್ಲೇ ಉಳಿಯುತ್ತದೆ. ಅದು ಬೇಕಾದವರು ಬೇರೆ ಪುಸ್ತಕ ಹಿಡಿಯುವುದೇ ಸರಿ.

ಇನ್ನು ಓದುವ ಕ್ರಮ. ಇಂಗ್ಲಿಷ್ ಆವೃತ್ತಿಯೂ ಜಪಾನಿ ಕ್ರಮವನ್ನೇ ಉಳಿಸಿಕೊಂಡಿದೆ. ನಮಗೆ ಹಿಂಬದಿ ಎನಿಸುವ ರಕ್ಷಾಪುಟದಿಂದ ಶುರು. ಮೇಲಿನ ಬಲಮೂಲೆಯಿಂದ ಎಡಕ್ಕೆ, ಆಮೇಲೆ ಕೆಳಗಿನ ಸಾಲಿಗೆ. ಒಂದೇ ಚೌಕದಲ್ಲಿ ಎರಡು ಮಾತಿನ ಗುಳ್ಳೆಗಳಿದ್ದರೆ ಬಲಗಡೆಯದು ಮೊದಲು. ಇಲ್ಲಿ ತಪ್ಪಿದರೆ ಪ್ರಶ್ನೆಗೆ ಮುಂಚೆ ಉತ್ತರ ಬಂದು ನಗೆ ಸತ್ತುಹೋಗುತ್ತದೆ. ಗುಳ್ಳೆಯ ಹೊರಗೆ ಕೈಬರಹದಂತೆ ಗೀಚಿದ ಪುಟ್ಟ ಮಾತುಗಳನ್ನು ಬಿಡಬೇಡಿ, ಅರ್ಧ ತಮಾಷೆ ಅಲ್ಲೇ ಇದೆ. ಫೋನಿನ ಸಣ್ಣ ಪರದೆಯಲ್ಲಿ ಅವು ಇರುವೆ ಸಾಲಿನಂತೆ ಕಾಣುತ್ತವೆ. ಒಂದೊಂದೇ ಚೌಕ ಹಿಗ್ಗಿಸಿ ಓದಿದರೆ ಪುಟ ತಿರುವಿದಾಗ ಸಿಗುವ ಆಘಾತ ಸಿಗದು. ಟ್ಯಾಬ್ಲೆಟ್ ಇದ್ದರೆ ಇಡೀ ಪುಟ ತೆರೆದಿಡಿ, ಇಲ್ಲವಾದರೆ ಅಚ್ಚಿನ ಪುಸ್ತಕವೇ ವಾಸಿ.

2021ರಲ್ಲಿ ಟಿವಿ ಅಸಾಹಿ ಇದನ್ನು 10 ಕಂತಿನ ಧಾರಾವಾಹಿ ಮಾಡಿತು. ಆವೋಕಿಯಾಗಿ ಶುನ್ಸುಕೆ ಮಿಚಿಎದಾ, ಇದಾ ಆಗಿ ರೆನ್ ಮೆಗುರೊ. 2024ರಲ್ಲಿ ಥಾಯ್ ರೂಪವೂ ಬಂತು. ಆದರೂ ಮೊದಲು ಪುಸ್ತಕ ಓದಿ.

ಕನ್ನಡಕ್ಕೆ ತರುವುದಾದರೆ ಶೀರ್ಷಿಕೆ ತೊಡಕಲ್ಲ. ‘ಕಿಯೇತ’ ಎಂದರೆ ಅಳಿಸಿಹೋದದ್ದು, ‘ಕೇಶಿಗೋಮು’ ಎಂದರೆ ರಬ್ಬರು. ಎರಡಕ್ಕೂ ಒಂದೇ ಚಿತ್ರಾಕ್ಷರ. ನಮ್ಮ ‘ಅಳಿಸು’ ಎರಡನ್ನೂ ಹಿಡಿಯುತ್ತದೆ. ತೊಡಕಿರುವುದು ರಬ್ಬರಿನಲ್ಲಿ. ಕಥೆಯ ಗುಟ್ಟು ಬೇಡವೆನ್ನುವವರು ಅರೆನಿಮಿಷ ರೇಡಿಯೊ ದನಿ ತಗ್ಗಿಸಿ. ಹಾಶಿಮೊತೊ ಮೆಚ್ಚಿದ್ದು ಇದಾನನ್ನಲ್ಲ, ಆವೋಕಿಯ ಗೆಳೆಯ ಐದಾನನ್ನು. ಜಪಾನಿಯಲ್ಲಿ ಅ, ಇ, ದಾ ಎಂದು ಮೂರು ಅಕ್ಷರ. ಮೊದಲನೆಯದು ಕಾಣದಿದ್ದರೆ ಉಳಿಯುವುದು ಇದಾ. ಕನ್ನಡದಲ್ಲಿ ‘ಐ’ ಒಂದೇ ಅಕ್ಷರ. ಅದನ್ನು ಮುಚ್ಚಿದರೆ ರಬ್ಬರಿನ ಮೇಲೆ ಬರೀ ‘ದಾ’ ಉಳಿಯುತ್ತದೆ. ಹಾಗಾಗಿ ಚಿತ್ರದೊಳಗೆ ಜಪಾನಿ ಅಕ್ಷರಗಳನ್ನೇ ಬಿಟ್ಟು, ಚೌಕದ ಅಂಚಿನಲ್ಲಿ ಒಂದು ಸಾಲಿನ ಟಿಪ್ಪಣಿ ಹಾಕುವುದೊಂದೇ ದಾರಿ. ಅದೂ ಮೊದಲ ಅಧ್ಯಾಯದಲ್ಲಲ್ಲ, ಗುಟ್ಟು ಒಡೆಯುವ ಪುಟದಲ್ಲಿ.

ನಮಸ್ಕಾರ.