ಪರದೆಗಿಂತ ಮೊದಲು ಮೂರು ತಂತಿ

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಕರೆಂಟ್ ಇರುವಾಗಲೇ ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ.

ಅಡಿಕೆ ತೋಟದಲ್ಲಿ ಓಡಾಡುತ್ತ ಮಳೆಯ, ಮಣ್ಣಿನ ತೇವದ ಲೆಕ್ಕ ಬರೆದಿಡಲು ಅಂಗೈಯಲ್ಲಿ ಹಿಡಿಯುವ ಸಾಧನ ಬೇಕೆಂದರೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು. 65 ಮಿ.ಮೀ. ಉದ್ದ, 30 ಮಿ.ಮೀ. ಅಗಲ, 512 ಎಂಬಿ ರ‍್ಯಾಮ್. ಇದಕ್ಕೆ ಲಿನಕ್ಸ್ ಹಾಕುವುದೆಂದರೆ ಮೈಕ್ರೋ ಎಸ್‌ಡಿ ಕಾರ್ಡಿಗೆ ಇಮೇಜ್ (ಇಡೀ ವ್ಯವಸ್ಥೆಯ ಸಿದ್ಧ ಪ್ರತಿ) ಬರೆಯುವುದು, ಅಷ್ಟೇ. 16 ಜಿಬಿ ಕಾರ್ಡ್ ಧಾರಾಳವಾಯಿತು. ಡೆಸ್ಕ್‌ಟಾಪ್ ಇಲ್ಲದ ‘ಲೈಟ್’ ಆವೃತ್ತಿ ತೆಗೆದುಕೊಳ್ಳಿ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕಾರ್ಡ್ ಬರೆಯುವ ಇಮೇಜರ್ ತಂತ್ರಾಂಶದಲ್ಲೇ ಕೊಡಿ. ಹಳೆಯ ಪಾಠಗಳಲ್ಲಿ ಕಾಣುವ ‘ಪೈ’ ಎಂಬ ಸಿದ್ಧ ಖಾತೆ 2022ರ ಏಪ್ರಿಲ್‌ನಿಂದ ಇಲ್ಲ.

ಎಡವುವುದು ಇಲ್ಲಿಂದ ಮುಂದೆ. ಪಿನ್ನುಗಳಿಗೆ ಪುಟ್ಟ ಎಸ್‌ಪಿಐ ಪರದೆ ಜೋಡಿಸುತ್ತಾರೆ, ಅದು ಕಪ್ಪಗೇ ಕೂರುತ್ತದೆ. ತಪ್ಪು ಕಾರ್ಡಿನದೋ, ಪರದೆಯದೋ, ಬ್ಯಾಟರಿಯದೋ? ಕರ್ನಲ್ (ಲಿನಕ್ಸಿನ ತಿರುಳು) ಎದ್ದು ಪರದೆಯ ಡ್ರೈವರ್ ಬರುವ ತನಕ ಆ ಪರದೆ ಏನನ್ನೂ ತೋರಿಸಲಾರದು. ಅದಕ್ಕೇ ಪರದೆಯನ್ನು ಪೆಟ್ಟಿಗೆಯಲ್ಲೇ ಬಿಡಿ, ಮೊದಲು ಸೀರಿಯಲ್ ತಂತಿ ಹಾಕಿ. ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ ಅದು ಬೋರ್ಡಿನ ಸಂದೇಶಗಳನ್ನು ಲ್ಯಾಪ್‌ಟಾಪಿಗೆ ತರುತ್ತದೆ.

ಬೋರ್ಡನ್ನು ಕಾರ್ಡ್ ಇರುವ ಕಡೆಯಿಂದ ನೋಡಿ. ಅಂಚಿನ ಸಾಲಿನ ಮೊದಲೆರಡು ಪಿನ್ 5 ವೋಲ್ಟ್, ಮುಟ್ಟಬೇಡಿ. ಮೂರನೆಯದು ಗ್ರೌಂಡ್, ನಾಲ್ಕನೆಯದು ಟಿಎಕ್ಸ್ (ಕಳಿಸುವುದು), ಐದನೆಯದು ಆರ್‌ಎಕ್ಸ್ (ಪಡೆಯುವುದು). ಬೋರ್ಡಿನ ಟಿಎಕ್ಸ್ ಅಡಾಪ್ಟರಿನ ಆರ್‌ಎಕ್ಸ್‌ಗೆ ಹೋಗಬೇಕು, ಬೋರ್ಡಿನ ಆರ್‌ಎಕ್ಸ್ ಅಡಾಪ್ಟರಿನ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡಿಗೆ. ಅಡಾಪ್ಟರ್ 3.3 ವೋಲ್ಟಿನದೇ ಇರಲಿ; 5 ವೋಲ್ಟ್ ಸಂಕೇತ ಕೊಟ್ಟರೆ ಚಿಪ್ ಸುಡಬಹುದು. ಅಡಾಪ್ಟರಿನ ಕೆಂಪು (ವಿದ್ಯುತ್) ತಂತಿ ಬೇಡವೇ ಬೇಡ.

ಕಾರ್ಡಿನ ಬೂಟ್ ಭಾಗದಲ್ಲಿರುವ ಕಾನ್ಫಿಗ್ ಫೈಲಿನ ಕೊನೆಗೆ ‘ಎನೇಬಲ್ ಅಂಡರ್‌ಸ್ಕೋರ್ ಯುಎಆರ್‌ಟಿ ಈಕ್ವಲ್ ಟು 1’ ಸೇರಿಸಿ, ಎಲ್ಲ ಸಣ್ಣಕ್ಷರದಲ್ಲಿ. ಪಕ್ಕದ ಸಿಎಮ್‌ಡಿಲೈನ್ ಫೈಲನ್ನು ತಿದ್ದುವುದಾದರೆ ಎಂಟರ್ ಒತ್ತಬೇಡಿ. ಅದು ಒಂದೇ ಸಾಲಿನಲ್ಲಿರಬೇಕು. ಲ್ಯಾಪ್‌ಟಾಪಿನ ಸೀರಿಯಲ್ ಟರ್ಮಿನಲ್ ತಂತ್ರಾಂಶದಲ್ಲಿ ವೇಗ 1,15,200 ಇಡಿ.

ಈಗ ಬೋರ್ಡ್ ತಾನೇ ಮಾತಾಡುತ್ತದೆ. ಅಕ್ಷರದ ಬದಲು ಕಸ ಬಂದರೆ ವೇಗ ತಪ್ಪು, ಇಲ್ಲವೇ ಗ್ರೌಂಡ್ ಕೂತಿಲ್ಲ. ಏನೂ ಬರದೆ ಹಸಿರು ದೀಪ ಏಳು ಸಲ ಮಿನುಗಿದರೆ ಕರ್ನಲ್ ಫೈಲ್ ಸಿಗುತ್ತಿಲ್ಲ, ಕಾರ್ಡನ್ನು ಮತ್ತೆ ಬರೆಯಿರಿ. ರೂಟ್ (ಲಿನಕ್ಸಿನ ಮುಖ್ಯ ಫೈಲುಗಳಿರುವ ಭಾಗ) ಸಿಗದೆ ‘ಪ್ಯಾನಿಕ್’ ಎಂದು ನಿಂತರೆ ಕಾರ್ಡಿನ ಎರಡನೆಯ ಪಾರ್ಟಿಷನ್ ಕೆಟ್ಟಿರುವುದೇ ಹೆಚ್ಚು. ಸಾಲುಗಳು ಹರಿಯುತ್ತ ಹರಿಯುತ್ತ ಥಟ್ಟನೆ ಮೊದಲಿನಿಂದ ಶುರುವಾದವೋ, ಬ್ಯಾಟರಿ ಅಥವಾ ಅದರ ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್ ಸೋಲುತ್ತಿದೆ ಅಂತಲೇ ಮೊದಲು ಅನುಮಾನಿಸಿ. ದೊಡ್ಡ ಪೈಗಳು ವೋಲ್ಟೇಜ್ ಇಳಿದರೆ ಎಚ್ಚರಿಸುತ್ತವೆ. ಝೀರೋ ಸರಣಿಗೆ ಆ ಸೌಲಭ್ಯವೇ ಇಲ್ಲ, ಸದ್ದಿಲ್ಲದೆ ಸಾಯುತ್ತದೆ.

ಬ್ಯಾಟರಿಯ ಲೆಕ್ಕ: 3.7 ವೋಲ್ಟ್, 2,000 ಎಂಎಎಚ್ ಸೆಲ್ಲಿನಲ್ಲಿ 7.4 ವ್ಯಾಟ್-ಗಂಟೆ. ಬೂಸ್ಟ್‌ನಲ್ಲಿ ಶೇ. 15 ಹೋಯಿತೆನ್ನಿ, 1 ವ್ಯಾಟ್ ಉಣ್ಣುವ ಸಾಧನಕ್ಕೆ ಆರು ಗಂಟೆ ಚಿಲ್ಲರೆ.

ಸೆಲ್ ಬರಿದಾಗಿ ತಟ್ಟನೆ ಆರಿದರೆ ಕಾರ್ಡ್ ಹಾಳಾಗುವ ಭಯ. ರಾಸ್ಪಿ-ಕಾನ್ಫಿಗ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಬದಲಿಸುವ ತಂತ್ರಾಂಶ) ಓವರ್‌ಲೇ ಚಾಲೂ ಮಾಡಿದರೆ ಬರಹವೆಲ್ಲ ಕಾರ್ಡಿನ ಬದಲು ರ‍್ಯಾಮ್‌ಗೆ ಹೋಗುತ್ತದೆ. ಸಾಧನ ಆರಿದಾಗ ನಿಮ್ಮ ಮಳೆ ಲೆಕ್ಕವೂ ಅದರ ಜೊತೆಗೇ ಮಾಯ! ಮೊದಲೇ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಜಿಪಾರ್ಟೆಡ್ ತಂತ್ರಾಂಶದಲ್ಲಿ ರೂಟನ್ನು ಕುಗ್ಗಿಸಿ, 1 ಜಿಬಿಯ ಮೂರನೆಯ ಪಾರ್ಟಿಷನ್ ಮಾಡಿ ಅಲ್ಲಿಗೆ ಬರೆಸಿ. ಓವರ್‌ಲೇ ಹಾಕಿದ ಮೇಲೆ ಒಂದು ಫೈಲ್ ಬರೆದು, ರೀಬೂಟ್ ಮಾಡಿ, ಉಳಿದಿದೆಯೇ ಅಂತ ನೋಡಿ.

ಕೊನೆಯದು ಗಡಿಯಾರ. ಈ ಬೋರ್ಡಿನಲ್ಲಿ ಅದಿಲ್ಲ, ನೆಟ್‌ವರ್ಕ್‌ನಿಂದ ಸಮಯ ಕೇಳುತ್ತದೆ. ಆಗುಂಬೆಯ ಕಡೆಯ ತೋಟಗಳಲ್ಲಿ ಸಿಗ್ನಲ್ ನಂಬಿ ಕೂರಲಾಗದು. ನಿನ್ನೆಯ ಮಳೆಗೆ ಮೊನ್ನೆಯ ತಾರೀಖು ಬೀಳುತ್ತದೆ. ಡಿಎಸ್ 3231 ಗಡಿಯಾರದ ಮಾಡ್ಯೂಲನ್ನು 3 ಮತ್ತು 5ನೇ ಪಿನ್ನಿಗೆ ಕೊಡಿ. ಇದು ಬೋರ್ಡಿನ ಪಿನ್ ಸಂಖ್ಯೆ, ಅಂಚಿನ ಸಾಲಿನ ಎಣಿಕೆಯಲ್ಲ; 1, 3, 5 ಒಳಸಾಲಿನ ಮೊದಲ ಮೂರು ಪಿನ್. ಅದಕ್ಕೆ ವಿದ್ಯುತ್ ಒಂದನೇ ಪಿನ್ನಿನ 3.3 ವೋಲ್ಟಿನಿಂದಲೇ ಇರಲಿ. ಅಗ್ಗದ ಮಾಡ್ಯೂಲುಗಳು 5 ವೋಲ್ಟ್ ಸಿಕ್ಕರೆ ಚಾರ್ಜ್ ಆಗದ ಗುಂಡಿ ಸೆಲ್ಲನ್ನೂ ಚಾರ್ಜ್ ಮಾಡಲು ಹೋಗುತ್ತವೆ, ಸೆಲ್ ಉಬ್ಬುತ್ತದೆ.