ಮೊದಲು 112, ಆಮೇಲೆ ಮೀಟಿಂಗು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮಾರ್ಷಲ್ ಅಂತ ಒಂದು ಊರಿದೆ. 2013ರ ಡಿಸೆಂಬರ್ 1ರಂದು ಅಲ್ಲಿನ ಮೋಟೆಲ್ ಕೋಣೆಯೊಂದರಲ್ಲಿ ಕ್ಯಾರಿ ಹಂಟ್ ಎಂಬ ತಾಯಿಯ ಮೇಲೆ ಹಲ್ಲೆ ನಡೆಯಿತು. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ಅಲ್ಲಿನ ತುರ್ತು ನಂಬರ್ 911 ಒತ್ತಿದಳು. ನಾಲ್ಕು ಸಲ ಒತ್ತಿದಳು. ಒಂದು ಕರೆಯೂ ಹೋಗಲಿಲ್ಲ. ಅಲ್ಲಿ ಹೊರಗಿನ ಲೈನ್ ಸಿಗಬೇಕಾದರೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ದೊಡ್ಡವರು ಹೇಳಿಕೊಟ್ಟಿದ್ದನ್ನೇ ಆ ಮಗು ಮಾಡಿತ್ತು. ತಾಯಿ ಉಳಿಯಲಿಲ್ಲ.

ಕ್ಯಾರಿಯ ತಂದೆ ಪಟ್ಟು ಹಿಡಿದು ಓಡಾಡಿದರು. 2018ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು. 2020ರ ಫೆಬ್ರವರಿ 16ರ ನಂತರ ಅಲ್ಲಿ ಹೊಸದಾಗಿ ಹಾಕುವ ಆಫೀಸು, ಹೋಟೆಲ್ ಫೋನುಗಳಲ್ಲಿ 911 ನೇರವಾಗಿ ಹೋಗಲೇಬೇಕು. ಕರೆ ಹೋದದ್ದು ಆ ಕೂಡಲೇ ಕಟ್ಟಡದಲ್ಲೋ ಬೇರೆ ಕಡೆಯೋ ಇರುವ ಹೊಣೆಗಾರರಿಗೆ ಗೊತ್ತಾಗುವಂತೆಯೂ ಇರಬೇಕು.

ನಮ್ಮ ಆಫೀಸುಗಳಲ್ಲೂ ಹೊರಗೆ ಫೋನ್ ಮಾಡೋಕೆ ಸೊನ್ನೆಯನ್ನೋ ಒಂಬತ್ತನ್ನೋ ಒತ್ತುವ ರೂಢಿ ಇದೆ, ಅಲ್ವಾ? ಈಗ ಬಹಳ ಕಡೆ ಆ ಕೆಲಸ ಇಂಟರ್ನೆಟ್ ಫೋನಿನ ಗೇಟ್‌ವೇಗೆ ಬಂದಿದೆ. ಇದೊಂದು ಪುಟ್ಟ ಪೆಟ್ಟಿಗೆ. ಒಂದು ಕಡೆ ಆಫೀಸಿನ ನೆಟ್‌ವರ್ಕ್ ಕೇಬಲ್, ಇನ್ನೊಂದು ಕಡೆ ಟೆಲಿಫೋನ್ ಲೈನುಗಳು. ಯಾವ ನಂಬರ್ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದನ್ನು ಇದರಲ್ಲಿ ಬರೆದಿಡಬೇಕು. ಅದೇ ಡಯಲ್ ಪ್ಲ್ಯಾನ್. ಅದರ ಮೊದಲ ಸಾಲು ನಮ್ಮ ತುರ್ತು ನಂಬರ್ 112 ಆಗಿರಲಿ. ಸೊನ್ನೆ ಸೇರಿಸಿ ಒತ್ತಿದರೂ ಹೋಗಬೇಕು, ಸೇರಿಸದಿದ್ದರೂ ಹೋಗಬೇಕು. ಜನರ ಬಾಯಲ್ಲಿ ಇನ್ನೂ ಇರುವ 108, 101 ಕೂಡ ಹಾಗೇ.

ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮ ಎಕ್ಸ್‌ಟೆನ್ಷನ್‌ಗಳು, ಅಂದರೆ ಆಫೀಸಿನ ಒಳಗಿನ ಫೋನ್ ನಂಬರುಗಳು, 1120, 1125 ಅಂತ ಇವೆ ಅಂದುಕೊಳ್ಳಿ. ಯಾರೋ 112 ಒತ್ತುತ್ತಾರೆ. ನಾಲ್ಕನೇ ಅಂಕಿ ಬರಬಹುದು ಅಂತ ಗೇಟ್‌ವೇ ಕೆಲವು ಸೆಕೆಂಡು ಸುಮ್ನೆ ಕಾಯುತ್ತದೆ. ಗಾಬರಿಯಲ್ಲಿರುವವರು ಕರೆ ಹೋಗಲಿಲ್ಲ ಅಂತ ಫೋನ್ ಇಟ್ಟು ಮತ್ತೆ ಒತ್ತುತ್ತಾರೆ. ಮತ್ತೆ ಅದೇ ಮೌನ. 10, 11ರಿಂದ ಶುರುವಾಗುವ ಎಕ್ಸ್‌ಟೆನ್ಷನ್ ಕೊಡಲೇಬೇಡಿ. 2ರಿಂದ ಶುರು ಮಾಡಿದರೆ ಈ ತಾಪತ್ರಯವೇ ಇಲ್ಲ.

ಇನ್ನು ಕಾನ್ಫರೆನ್ಸ್ ಕಾಲ್. ಎಲ್ಲರ ದನಿಯನ್ನೂ ಒಂದು ಕಡೆ ಕೂಡಿಸಿ, ಪ್ರತಿಯೊಬ್ಬರಿಗೂ ಅವರದೇ ದನಿ ಬಿಟ್ಟು ಉಳಿದದ್ದನ್ನು ಕಳಿಸಬೇಕು. ಮೂರು ಜನರ ಮಾತನ್ನು ಎಷ್ಟೋ ಪೆಟ್ಟಿಗೆಗಳು ತಾವೇ ನಿಭಾಯಿಸುತ್ತವೆ. ಜನ ಜಾಸ್ತಿಯಾದರೆ ಆಸ್ಟರಿಸ್ಕ್‌ನಂಥ ಸಾಫ್ಟ್‌ವೇರ್ ಇರುವ ಸರ್ವರ್ ಬೇಕು. ದನಿಯನ್ನು ಡಿಜಿಟಲ್ ಮಾಡುವ ವಿಧಾನಕ್ಕೆ ಕೋಡೆಕ್ ಅಂತಾರೆ. ಜಿ.711 ಎಂಬ ಮಾಮೂಲಿ ಕೋಡೆಕ್‌ನಲ್ಲಿ ಒಂದು ಕರೆಗೆ ಹೋಗೋಕೆ, ಬರೋಕೆ ಸೆಕೆಂಡಿಗೆ ತಲಾ 80ರಿಂದ 90 ಕಿಲೋಬಿಟ್ ಬೇಕು. ಅಷ್ಟು ವೇಗ ಈಗ ಬಹಳ ಕಡೆ ಸಿಗುತ್ತದೆ. ಕಷ್ಟ ಇರುವುದು ಬೇರೆ ಕಡೆ.

ನಿಮ್ಮ ಗೇಟ್‌ವೇಗೆ ನಾಲ್ಕು ಲೈನ್ ಇದೆ. ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಹೊರಗಿನ ನಾಲ್ವರನ್ನು ಸೇರಿಸಿಕೊಂಡಿರಿ. ನಾಲ್ಕೂ ಲೈನ್ ಭರ್ತಿ. ಅದೇ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ ಒಬ್ಬರಿಗೆ ಎದೆನೋವು. 112 ಒತ್ತಿದವರಿಗೆ ಕೇಳಿಸುವುದು ಬ್ಯುಸಿ ಟೋನ್. ತುರ್ತು ಕರೆ ಬಂದಾಗ ಬೇರೆ ಕರೆಯನ್ನು ಕತ್ತರಿಸುವ ಸೌಲಭ್ಯ ಕೆಲವು ಪೆಟ್ಟಿಗೆಗಳಲ್ಲಿದೆ. ಆದರೂ ಒಂದು ಲೈನನ್ನು ತುರ್ತಿಗೇ ಅಂತ ಮೀಸಲಿಡೋದು ವಾಸಿ. ತಿಂಗಳ ಬಾಡಿಗೆ ದಂಡ ಅಂತ ಮಾಲೀಕರು ಗೊಣಗಬಹುದು. ಈ ಒಂದು ವಿಷಯದಲ್ಲಿ ದಯವಿಟ್ಟು ಸೋಲಬೇಡಿ.

ನಿಮ್ಮ ಮುಖ್ಯ ಕಚೇರಿ ಮುಂಬೈಯಲ್ಲಿ, ಶಾಖೆ ಹುಬ್ಬಳ್ಳಿಯಲ್ಲಿ ಇದೆ ಅಂದುಕೊಳ್ಳಿ. ಹುಬ್ಬಳ್ಳಿ ಶಾಖೆಯ 112 ಕರೆ ಹುಬ್ಬಳ್ಳಿಯ ಲೈನಿನಿಂದಲೇ ಹೊರಬೀಳಬೇಕು. ಮುಂಬೈ ಮುಖ್ಯ ಕಚೇರಿಯ ಲೈನಿಂದ ಹೋದರೆ ಫೋನ್ ಎತ್ತುವವರು ಮಹಾರಾಷ್ಟ್ರದವರು. ಜೊತೆಗೆ ಯಾವ ಮಹಡಿಯಿಂದ ಕರೆ ಹೋಯಿತು ಅಂತ ಗೇಟಿನ ಸೆಕ್ಯುರಿಟಿಯವರಿಗೆ ತಕ್ಷಣ ಗೊತ್ತಾಗಬೇಕು. ಆಂಬುಲೆನ್ಸ್ ಬಂದಾಗ ಲಿಫ್ಟ್ ಹಿಡಿದು ನಿಲ್ಲುವವರು ಅವರೇ ತಾನೇ.

ಪರೀಕ್ಷೆ ಮಾಡುವಾಗ ಸುಮ್ಮಸುಮ್ಮನೆ 112ಕ್ಕೆ ಕರೆ ಮಾಡಬೇಡಿ. ಡಯಲ್ ಪ್ಲ್ಯಾನಿನಲ್ಲಿ ಆ ಸಾಲಿನ ಕರೆ ಹೋಗಿ ಸೇರುವ ನಂಬರಿನ ಬದಲು ತಾತ್ಕಾಲಿಕವಾಗಿ ನಿಮ್ಮ ಮೊಬೈಲ್ ನಂಬರ್ ಹಾಕಿ, ಪ್ರತಿ ಫೋನಿನಿಂದಲೂ 112 ಒತ್ತಿ ನೋಡಿ. ಮೀಸಲು ಲೈನ್ ಬಿಟ್ಟು ಉಳಿದ ಲೈನುಗಳನ್ನೆಲ್ಲ ತುಂಬಿಸಿಯೂ ನೋಡಿ. ಆಮೇಲೆ ಆ ನಂಬರ್ ತೆಗೆದು, ಸಾಲನ್ನು ಮೊದಲಿನಂತೆ ಮಾಡೋದು ಮರೆಯಬೇಡಿ. ಕರೆಂಟ್ ತೆಗೆದೂ ಒಮ್ಮೆ ನೋಡಿ: ಗೇಟ್‌ವೇ, ರೂಟರ್, ಸ್ವಿಚ್ ಮೂರೂ ಯುಪಿಎಸ್ ಮೇಲೆ ಇದ್ದರೆ ಮಾತ್ರ ಫೋನ್ ಉಳಿಯುತ್ತದೆ.

ನಮಸ್ಕಾರ.